ಹಲ್ಲಿ ನುಡಿಯುವ ಡಬ್ಬಿ

ಶ್ರಾವಣದ ಒಂದು ರಾತ್ರಿ ಊಟಕ್ಕೆ ಕೂತಾಗ ನಾನು ತುಸು ಹೆಮ್ಮೆಯಿಂದಲೇ ಹೇಳಿದೆ: "ಇನ್ನ ನಮ್ಮ ಕಂಪ್ಯೂಟರಿನಾಗಿಂದು ಒಂದ ಫೋಟೋನೂ ಕಳಿಯೂದಿಲ್ಲ. ಎಲ್ಲಾ ಭದ್ರ ಮಾಡೇನಿ."

ಮಾತು ಮುಗಿದಿರಲಿಲ್ಲ, ಕಪಾಟಿನ ಮೇಲಿಂದ ಟಿಕ್ ಟಿಕ್ ಟಿಕ್ ಎಂದು ಸಪ್ಪಳ ಬಂತು. ಅವ್ವ ಕೈಯೊಳಗಿನ ರೊಟ್ಟಿ ತುತ್ತನ್ನು ತಾಟಿನಲ್ಲಿಟ್ಟು, ಬೆರಳಿನಿಂದ ನೆಲ ತಟ್ಟಿ, "ಹಲ್ಲಿ ನುಡೀತು ನೋಡಪಾ, ನಿನ್ನ ಮಾತು ಖರೇ ಆಕ್ಕತಿ" ಎಂದಳು.

ಅದು ಹಲ್ಲಿಯಲ್ಲ, ಹಾರ್ಡ್ ಡಿಸ್ಕು. ಹಲ್ಲಿ ನುಡಿದರೆ ಮಾತು ನಿಜವಾಗುತ್ತದಂತೆ. ಹಾರ್ಡ್ ಡಿಸ್ಕು ಹಾಗೆ ನುಡಿದರೆ ಮಾತು ಸುಳ್ಳಾಗುವ ಹೊತ್ತು ಬಂತೆಂದೇ ಅರ್ಥ. ಅವ್ವನಿಗೆ ಇದನ್ನು ಬಿಡಿಸಿ ಹೇಳುವ ಧೈರ್ಯವಾಗಲಿಲ್ಲ. ಮಜ್ಜಿಗೆ ಕುಡಿದು ಎದ್ದೆ.

ಇದರ ಮೂಲ ಒಂದು ಹಳೆಯ ರೌಟರು. 2008ರಲ್ಲಿ, ಮಗ ಇನ್ನೂ ಬೈಲಹೊಂಗಲದಲ್ಲೇ ಓದುತ್ತಿದ್ದಾಗ, ಫೋನಿನ ತಂತಿಯ ಬ್ರಾಡ್‌ಬ್ಯಾಂಡಿಗೆಂದು ಕೊಂಡದ್ದು. ಒಂದು ಕೊಂಬು, ಐದು ಹಸಿರು ದೀಪ, ಹಿಂದೆ ಒಂದು ಯುಎಸ್‌ಬಿ ಕಿಂಡಿ. ಓಣಿಗೆ ಫೈಬರ್ ಬಂತು, ಅದರ ಜೊತೆ ಹೊಸ ಡಬ್ಬಿಯೂ ಬಂತು. ಮಗ ಬೆಂಗಳೂರಿನಿಂದ ಫೋನಿನಲ್ಲೇ "ಹಳೇದನ್ನ ಒಗದ ಬಿಡ್ರಿ ಅಪ್ಪಾ" ಎಂದ. ಹೆಂಡತಿ ಮೋಡಕಾದವನನ್ನು ಕರೆದಳು. ಆತ ಅದನ್ನು ಅಂಗೈಯಲ್ಲಿ ತೂಗಿ ನೋಡಿ, "ಇದರಾಗ ಏನೂ ಇಲ್ರಿ, ಬರೇ ಪ್ಲಾಸ್ಟಿಕ್" ಅಂದ. ಹತ್ತು ವರ್ಷ ಮನೆಗೆ ಜಗತ್ತನ್ನೇ ತಂದು ಹಾಕಿದ ಪೆಟ್ಟಿಗೆಗೆ ಈ ಮಾತೇ? ಮೂವತ್ತು ವರ್ಷ ಮಾಸ್ತರಿಕೆ ಮಾಡಿ ಪೆನ್ಶನ್ನಿಗೆ ಬಂದವನು ನಾನು. ಕೆಲಸದಿಂದ ತೆಗೆದವರ ಬಗ್ಗೆ ನನಗೆ ಮೃದು ಭಾವ. ಕಸಿದುಕೊಂಡು ಒಳಗೆ ತಂದೆ.

ಕಾಯಬೇಕಾದ ಸಾಮಾನೂ ಇತ್ತು. ಲ್ಯಾಪ್‌ಟಾಪಿನಲ್ಲಿ ಮಕ್ಕಳ ಫೋಟೋ, ಹೊಲದ ಉತಾರಗಳ ಸ್ಕ್ಯಾನ್, ಅವ್ವ ಹಾಡಿದ ಬೀಸುಕಲ್ಲಿನ ಪದಗಳ ಧ್ವನಿಮುದ್ರಣ, ಮತ್ತೆ ನಾನು ಒಂಬತ್ತು ವರ್ಷದಿಂದ ಬರೆಯುತ್ತಿರುವ ಸಂಪಗಾಂವ ಸೀಮೆಯ ಚರಿತ್ರೆ. ಕೊನೆಯದು ಕಳೆದರೆ ಯಾರಿಗೂ ನಷ್ಟವಿಲ್ಲವೆಂಬುದು ಮನೆಯವರ ಒಮ್ಮತ. ಉಳಿದದ್ದಕ್ಕಾದರೂ ಒಂದು ನಕಲು ಬೇಕಲ್ಲ. ರೌಟರಿನ ಯುಎಸ್‌ಬಿ ಕಿಂಡಿಗೆ ಒಂದು ಹಾರ್ಡ್ ಡಿಸ್ಕು ಸಿಕ್ಕಿಸಿದರೆ ಅದು ನೆಟ್‌ವರ್ಕ್ ಡ್ರೈವ್ ಆಗುತ್ತದೆ, ಮನೆಯ ಯಾವ ಮೂಲೆಯಿಂದಲೂ ಫೈಲು ತುಂಬಬಹುದು ಎಂದು ತಿಳಿದುಕೊಂಡೆ.

ನೆಟ್‌ವರ್ಕ್ ಡ್ರೈವ್ ಎಂದರೇನೆಂದು ಹೆಂಡತಿ ಕೇಳಿದಾಗ ನನ್ನ ಚರಿತ್ರೆ ಮೊದಲ ಬಾರಿಗೆ ಉಪಯೋಗಕ್ಕೆ ಬಂತು. ಮುಂಬಯಿ ಸರ್ಕಾರದ ಕಾಲದಲ್ಲಿ ನಮ್ಮ ಬೈಲಹೊಂಗಲ ತಾಲೂಕಿಗೆ ಸಂಪಗಾಂವ ತಾಲೂಕೆಂದು ಹೆಸರು. ಪಕ್ಕದ ಸವದತ್ತಿಯದು ಪರಸಗಡ ತಾಲೂಕು. ಪರಸಗಡವೆಂದರೆ ಗುಡ್ಡದ ಮೇಲಿನ ಕೋಟೆ. ಅಲ್ಲಿಗೆ ಹೋಗಿ ಮಾಮಲೇದಾರರೆಲ್ಲಿ ಎಂದು ಹುಡುಕಿದರೆ ಕೋತಿಗಳಷ್ಟೇ ಸಿಗುತ್ತಿದ್ದವು, ಕಚೇರಿಯೆಲ್ಲ ಸವದತ್ತಿಯಲ್ಲಿ. ನೆಟ್‌ವರ್ಕ್ ಡ್ರೈವೂ ಹಾಗೆಯೇ: ಕಂಪ್ಯೂಟರಿನಲ್ಲಿ 'ಝೆಡ್' ಎಂಬ ಹೆಸರು ಮಾತ್ರ, ಕಾಗದಪತ್ರವೆಲ್ಲ ಕಪಾಟಿನ ಮೇಲೆ. "ಅಂದ್ರ ಕಪಾಟಿನ ಮ್ಯಾಲಿಂದು ನಾ ಒರೆಸಬಾರದು, ಅಷ್ಟ ಹೌದಲ್ಲೋ?" ಎಂದು ಅವಳು ತಾತ್ಪರ್ಯ ತೆಗೆದಳು.

ರೌಟರಿಗೆ ಜೀವ ಬಂದ ಮರುದಿನವೇ ಎದುರುಮನೆಯ ಹುಡುಗ ಬಾಗಿಲಿಗೆ ಬಂದ. ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಾನೆ, ರಜೆಗೆ ಊರಿಗೆ ಬಂದಿದ್ದ. "ಸರ, ನಿಮ್ಮ ಹಳೇ ವೈಫೈ ಮತ್ತ ಹತ್ತೇತಲ್ರಿ. ಸಿಗ್ನಲ್ ಭಾಳ ಜೋರೈತಿ, ಖರೆ ನೆಟ್ಟಽ ಬರವಲ್ದು." ಅದು ನೆಟ್ಟಿಗಲ್ಲಪ್ಪಾ, ಅದರಲ್ಲಿ ಬರೀ ನಮ್ಮ ಮನೆಯ ಫೋಟೋ ಇವೆ ಎಂದೆ. ಪಾಸ್‌ವರ್ಡ್ ಹೇಗೆ ಸಿಕ್ಕಿತು ಎಂದು ಕೇಳಲು ಹೋಗಲಿಲ್ಲ. ಡಬ್ಬಿ ಕೊಂಡ ದಿನ ಇದ್ದದ್ದೇ ಆಗಲೂ ಇತ್ತು: 'ಅಡ್ಮಿನ್, ಅಡ್ಮಿನ್'. ನಿಮ್ಮ ಮನೆಯ ರೌಟರಿನದೂ ಅದೇ ಆಗಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಬದಲಾಯಿಸಿ ಬನ್ನಿ.

ಹುಡುಗ ಬಂದದ್ದು ಒಳ್ಳೆಯದೇ ಆಯಿತು. ಲ್ಯಾಪ್‌ಟಾಪಿಗೂ ರೌಟರಿಗೂ ಮಾತುಕತೆ ನಿಂತಿತ್ತು. ಎರಡೂ ಒಂದೇ ಸೂರಿನಡಿ, ಒಂದೇ ಕರೆಂಟು ತಿಂದು, ದಾಯಾದಿಗಳ ಹಾಗೆ ಮುಖ ತಿರುಗಿಸಿ ಕೂತಿದ್ದವು. ಕಾರಣ ಭಾಷೆ. ಫೈಲು ಕೊಟ್ಟು ತೆಗೆದುಕೊಳ್ಳಲು ಹಳೆಯ ರೌಟರಿಗೆ ಗೊತ್ತಿದ್ದದ್ದು ಎಸ್‌ಎಂಬಿ ಒಂದನೆಯ ತಲೆಮಾರು, 1980ರ ದಶಕದಲ್ಲಿ ಹುಟ್ಟಿದ್ದು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಪಿಡುಗು ಅದೇ ಭಾಷೆಯ ಸಂದಿಯಿಂದ ನುಗ್ಗಿ, ನೂರೈವತ್ತು ದೇಶಗಳ ಕಂಪ್ಯೂಟರುಗಳಿಗೆ ಬೀಗ ಜಡಿದು, ಕೀಲಿಗೆ ದುಡ್ಡು ಕೇಳಿತು. ಇಂಗ್ಲೆಂಡಿನ ದವಾಖಾನೆಗಳೂ ಬಾಗಿಲು ಮುಚ್ಚುವ ಹಾಗಾಯಿತು. ಅದೇ ವರ್ಷದ ಅಕ್ಟೋಬರ್‌ನಿಂದ ವಿಂಡೋಸು ಆ ಭಾಷೆಯನ್ನು ಮೆಲ್ಲಗೆ ಬಿಡತೊಡಗಿತು. ಅಂಗಡಿಗೆ ಹೋಗಿ ಅವ್ವ "ಅಚ್ಛೇರು ಬೆಲ್ಲಾ ಕೊಡು" ಅಂದರೆ ಈಗಿನ ಹುಡುಗ ಪಿಳಿಪಿಳಿ ನೋಡುತ್ತಾನಲ್ಲ, ಹಾಗೆ. ಬೆಲ್ಲ ಇದೆ, ತಕ್ಕಡಿ ಇದೆ, ಅಚ್ಛೇರು ಮಾತ್ರ ಗೊತ್ತಿಲ್ಲ.

ಲ್ಯಾಪ್‌ಟಾಪಿಗೇ ಹಳೆಯ ಭಾಷೆ ಮತ್ತೆ ಕಲಿಸಬಹುದಿತ್ತು. ಹುಡುಗ ಒಪ್ಪಲಿಲ್ಲ: "ಕಳ್ಳ ಬಂದ ಕಿಟಕಿ ತಿರುಗಿ ತೆಗದಂಗಾಕ್ಕತ್ರಿ." ಬದಲಿಗೆ ರೌಟರಿನ ಬುದ್ಧಿಯನ್ನೇ ಬದಲಿಸಿದ. ಅದಕ್ಕೊಂದು ಸೊಗಸಾದ ಹಿನ್ನೆಲೆಯಿದೆ. 2002ರ ಕೊನೆಗೆ ಲಿಂಕ್‌ಸಿಸ್ ಕಂಪನಿ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ-ಕಪ್ಪು ರೌಟರು ಮಾರಾಟಕ್ಕಿಟ್ಟಿತು. ಒಳಗೆ ಲಿನಕ್ಸ್ ಓಡುತ್ತಿದೆಯೆಂದು ಬಲ್ಲವರು ಪತ್ತೆ ಹಚ್ಚಿದರು. ಲಿನಕ್ಸ್ ತುಂಬಿದ ಸಾಮಾನು ಮಾರುವವರು ಅದರ ಮೂಲ ಬರಹವನ್ನು ಬಿಟ್ಟುಕೊಡಬೇಕೆಂಬ ಕರಾರು ಇದ್ದದ್ದರಿಂದ 2003ರಲ್ಲಿ ಕಂಪನಿ ಬಿಟ್ಟುಕೊಟ್ಟಿತು. ಅದರ ಮೇಲೆಯೇ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿ, ಮೂಲೆ ಸೇರಿದ ಎಷ್ಟೋ ರೌಟರುಗಳಿಗೆ ಎರಡನೆಯ ಸಂಸಾರ ಕಟ್ಟಿಕೊಟ್ಟಿತು. ನಮ್ಮದಕ್ಕೂ ಕಟ್ಟಿತು. ಹೊಸ ಬುದ್ಧಿ ತುಂಬುವ ಐದು ನಿಮಿಷ ಕರೆಂಟು ಹೋಗಬಾರದು, ಹೋದರೆ ಡಬ್ಬಿ ಇಟ್ಟಂಗಿಯಾಗುತ್ತದೆ ಎಂದಾಗ ನಾನು ಸೊಗಲ ಸೋಮೇಶ್ವರನಿಗೆ ಬೇಡಿಕೊಂಡೆ. ಹುಡುಗ ಯುಪಿಎಸ್‌ಗೆ ಜೋಡಿಸಿದ್ದ. ಯಾರಿಂದ ಕೆಲಸವಾಯಿತೋ ಗೊತ್ತಿಲ್ಲ.

ಆಮೇಲಿನದು ಲೆಕ್ಕದ ಪೇಚು. ಡಬ್ಬಿಯ ಮೇಲೆ 54 ಎಂದು ಬರೆದಿತ್ತು. ಅದು ಮೆಗಾಬಿಟ್, ಎಂಟರಿಂದ ಭಾಗಿಸಬೇಕು. ಉಳಿದದ್ದರಲ್ಲೂ ಬಹುಪಾಲು ಗಾಳಿಯಲ್ಲಿ 'ನೀ ಮಾತಾಡು, ನಾ ಮಾತಾಡ್ತೀನಿ' ಎಂಬ ಉಪಚಾರಕ್ಕೇ ಹೋಗುತ್ತದೆ. ನನಗೆ ಸಿಕ್ಕದ್ದು ಸೆಕೆಂಡಿಗೆ 2 ಎಂಬಿ. ತುಂಬಬೇಕಾದದ್ದು 180 ಜಿಬಿ. ಅಂದರೆ 90,000 ಸೆಕೆಂಡು, ಇಪ್ಪತ್ತೈದು ತಾಸು.

ನಮ್ಮ ಮನೆಯಲ್ಲಿ ಇಪ್ಪತ್ತೈದು ತಾಸು ಎಡಬಿಡದೆ ನಡೆದದ್ದು ಮಗಳ ಮದುವೆಯೊಂದೇ. ಹಗಲು ಕರೆಂಟಿನ ಕಣ್ಣಾಮುಚ್ಚಾಲೆ. ರಾತ್ರಿ ಹತ್ತಕ್ಕೆ ಹೆಂಡತಿ ಮನೆಯ ಎಲ್ಲ ಸ್ವಿಚ್ಚು ತೆಗೆದು, ಬಾಗಿಲಿನ ಅಗಳಿ ಹಾಕಿ, ದೇವರಿಗೆ ಕೈಮುಗಿದೇ ಮಲಗುವವಳು. ಕಪಾಟಿನ ಮೇಲಿನ ಐದು ಹಸಿರು ದೀಪ ಅವಳ ಕಣ್ಣಿಗೆ ಸುಮ್ಮನೆ ಉರಿಯುವ ಬಿಲ್ಲು. ನಾನು ಬೆಳಿಗ್ಗೆ ಎದ್ದು ನಕಲು ಮತ್ತೆ ಮೊದಲಿನಿಂದ ಹಚ್ಚುತ್ತಿದ್ದೆ. ಹೀಗೆ ಹದಿನೇಳು ದಿನ. 2003ರ ಫೋಟೋಗಳಷ್ಟೇ ಹದಿನೇಳು ಸಲ ಭದ್ರವಾದವು. ನಡುವೆ ಮಗಳ ಮದುವೆಯ ವಿಡಿಯೊ ಬಾಗಿಲಿನಿಂದಲೇ ವಾಪಸು ಬಂತು: ಡಿಸ್ಕು ಹಳೆಯ ಫ್ಯಾಟ್32 ಪದ್ಧತಿಯದು, 4 ಜಿಬಿಗಿಂತ ದೊಡ್ಡ ಫೈಲನ್ನು ಒಳಗೆ ಸೇರಿಸುವುದಿಲ್ಲ. ಬೀಗರು ಮನೆ ಸಣ್ಣದಾಯಿತೆಂದು ತಿರುಗಿ ಹೋದ ಹಾಗಾಯಿತು. ಡಿಸ್ಕನ್ನು ಅಳಿಸಿ ಬೇರೆ ಪದ್ಧತಿಗೆ ಹಾಕಿ, ಹದಿನೆಂಟನೆಯ ಸಲ ಶುರು ಮಾಡಿದೆ.

ಆಗ ರಾಮದುರ್ಗದ ಅಣ್ಣ ಬಂದ. ನಮ್ಮ ದೊಡ್ಡವ್ವನ ಮಗ, ಕೈಮಗ್ಗದ ನೇಕಾರ. ನನ್ನ ಗೋಳು ಕೇಳಿ ಚಹಾದ ಕಪ್ಪು ಕೆಳಗಿಟ್ಟ.

"ಅಲ್ಲೋ ತಮ್ಮಾ, ಎಳಿ ಹರೀತಂದ್ರ ನಾವೇನ ಸೀರಿ ಬಿಚ್ಚಿ ಮತ್ತ ಮೊದಲಿಂದ ನೇಯ್ತೇವೇನು? ಹರದಲ್ಲೇ ಗಂಟ ಹಾಕಿ ಮುಂದ ಲಾಳಿ ಒಗೀತೇವಿ."

ನನ್ನ ಜನ್ಮದಲ್ಲಿ ಕೇಳಿದ ಅತ್ಯುತ್ತಮ ಕಂಪ್ಯೂಟರ್ ಪಾಠ ಅದು. ಹುಡುಗನಿಗೆ ಫೋನು ಮಾಡಿದರೆ ಆತ ನಕ್ಕ. ವಿಂಡೋಸಿನ ಹೊಟ್ಟೆಯಲ್ಲೇ ರೋಬೋಕಾಪಿ ಎಂಬ ಆಜ್ಞೆ ಇದೆಯಂತೆ. ಅದಕ್ಕೆ 'ಝೆಡ್' ಎಂಬ ಚೀಟಿ ಅಂಟಿಸಿದರೆ ಎಳೆ ಹರಿದಲ್ಲೇ ಗಂಟು ಹಾಕುತ್ತದೆ, ಮರುದಿನ ಹೊಸದು ಮತ್ತು ಬದಲಾದದ್ದನ್ನಷ್ಟೇ ನೇಯುತ್ತದೆ. ಗಾಳಿ ಬಿಟ್ಟು ತಂತಿ ಎಳೆದ ಮೇಲೆ ವೇಗ ಸೆಕೆಂಡಿಗೆ 4 ಎಂಬಿಗೆ ಏರಿತು. ಮೂರು ದಿನದಲ್ಲಿ ಎಲ್ಲ ಮುಗಿಯಿತು. ಅದೇ ರಾತ್ರಿ ಊಟಕ್ಕೆ ಕೂತು ಹೆಮ್ಮೆಯ ಮಾತಾಡಿದೆ, ಹಲ್ಲಿ ನುಡಿಯಿತು.

ಡಿಸ್ಕಿಗೆ ರೋಗವೇನೂ ಇರಲಿಲ್ಲ, ಹಸಿವಿತ್ತು. ಹಳೆಯ ಯುಎಸ್‌ಬಿ ಕಿಂಡಿ ಕೊಡುವುದು 500 ಮಿಲಿಆಂಪಿಯರ್. ಡಿಸ್ಕಿನ ತಟ್ಟೆ ಮಲಗಿದ್ದು ಮತ್ತೆ ಏಳುವಾಗ ಅದಕ್ಕಿಂತ ಹೆಚ್ಚು ಕೇಳುತ್ತದೆ. ಸಿಗದಿದ್ದರೆ ಏಳಲು ನೋಡಿ ಕೂತು, ಮತ್ತೆ ಏಳಲು ನೋಡಿ ಕೂತು, ಮೊಣಕಾಲು ನೋವಿನವರ ಹಾಗೆ ಟಿಕ್ ಟಿಕ್ ಅನ್ನುತ್ತದೆ. ಸ್ವಂತ ಕರೆಂಟಿನ ಒಂದು ಯುಎಸ್‌ಬಿ ಹಬ್ ನಡುವೆ ಇಟ್ಟೆ. ಹಲ್ಲಿ ಸುಮ್ಮನಾಯಿತು. "ಓಡಿಸಿಬಿಟ್ಟಿ ಹೌದಲ್ಲೋ? ಮನ್ಯಾಗ ಖರೇ ಹೇಳೂದು ಅದೊಂದಽ ಇತ್ತು" ಎಂದು ಅವ್ವ ಪೇಚಾಡಿದಳು.

ಅಣ್ಣ ಹೋಗುವಾಗ ಇನ್ನೊಂದು ಮಾತು ಹೇಳಿದ್ದ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ರಾಮದುರ್ಗದ ತಗ್ಗಿನ ಓಣಿಗಳಿಗೆ ನುಗ್ಗಿದಾಗ ಅವನ ಮಗ್ಗದ ಕುಣಿ ಬಾವಿಯಾಯಿತು. ಮಕ್ಕಳ ಮಾರ್ಕ್ಸ್ ಕಾರ್ಡು, ಮದುವೆಯ ಆಲ್ಬಮ್ಮು, ಮನೆಯ ಕಾಗದ ಎಲ್ಲ ಒಂದೇ ಟ್ರಂಕಿನಲ್ಲಿದ್ದವು. ಆಲ್ಬಮ್ಮಿನ ಹಾಳೆಗಳು ಒಂದಕ್ಕೊಂದು ಅಂಟಿ ಹೋಳಿಗೆಯ ಹಾಗಾಗಿದ್ದವು. ಬಿಡಿಸಲು ಹೋದರೆ ವಧುವಿನ ಮುಖ ಬೀಗರ ಬೆನ್ನಿಗೆ ಬರುತ್ತಿತ್ತು. "ನಿಂದೂ ಡಬ್ಬಿ, ಕಂಪ್ಯೂಟರು ಎರಡೂ ಒಂದಽ ಕ್ವಾಣ್ಯಾಗ ಅದಾವಲ್ಲೋ" ಎಂದ. ನಾನು ನಿರುತ್ತರ.

ನಮ್ಮ ಸೀಮೆಯವನಾಗಿ ನನಗೆ ಇದು ಮೊದಲೇ ಹೊಳೆಯಬೇಕಿತ್ತು. 12ನೆಯ ಶತಮಾನದಲ್ಲಿ ಕಲ್ಯಾಣ ಕದಡಿದಾಗ ಶರಣರು ವಚನದ ಕಟ್ಟು ಹೊತ್ತು ಉಳವಿಯತ್ತ ನಡೆದದ್ದು ಇದೇ ನೆಲದ ಮೇಲೆ. ಕಿತ್ತೂರ ಬಳಿ ಮಲಪ್ರಭೆಯ ದಂಡೆಯ ಕಾದರವಳ್ಳಿಯಲ್ಲಿ ಬೆನ್ನಟ್ಟಿದ ಸೈನ್ಯದೊಡನೆ ಕಾಳಗವಾಯಿತು, ಮಡಿವಾಳ ಮಾಚಯ್ಯ ಹಿಂದೆ ನಿಂತು ಕಾದ ಎನ್ನುತ್ತದೆ ಐತಿಹ್ಯ. ಕಟ್ಟುಗಳು ಮಠ ಸೇರಿದವು, ಮನೆಯ ಜಗಲಿ ಸೇರಿದವು, ನಕಲಾದವು, ನಕಲಿನ ನಕಲಾದವು. ಫ.ಗು. ಹಳಕಟ್ಟಿಯವರು ಊರೂರು ತಿರುಗಿ ತಾಡೋಲೆ ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚು ಹಾಕಿಸಿದರು. ಏಳೂವರೆ ನೂರು ವರ್ಷದ ಮೇಲೆ ರಿಸ್ಟೋರ್! ಎಲ್ಲ ಕಟ್ಟೂ ಒಂದೇ ಕಪಾಟಿನ ಮೇಲಿದ್ದಿದ್ದರೆ ಹಳಕಟ್ಟಿಯವರಿಗೆ ವಿಜಯಪುರದಲ್ಲಿ ವಕೀಲಿಯೊಂದೇ ಗತಿಯಾಗುತ್ತಿತ್ತು. ಮೂರು ನಕಲು, ಎರಡು ಬಗೆಯ ಸಾಧನ, ಒಂದು ಪರವೂರಲ್ಲಿ ಎಂದು ಕಂಪ್ಯೂಟರಿನವರು ಈಗ ಸೂತ್ರ ಹೇಳುತ್ತಾರೆ. ಹೇಳಲಿ.

ಅಣ್ಣನೂ ನಾನೂ ಒಪ್ಪಂದ ಮಾಡಿಕೊಂಡೆವು. ನನ್ನ ಒಂದು ಡಿಸ್ಕು ಅವನ ಮನೆಯ ಅಟ್ಟದಲ್ಲಿ, ಅವನದೊಂದು ನನ್ನಲ್ಲಿ. ಸೀಗೀ ಹುಣ್ಣಿವಿಗೆ ಆತ ಚರಗಕ್ಕೆ ನಮ್ಮ ಹೊಲಕ್ಕೆ ಬರುತ್ತಾನೆ, ಭಾರತ ಹುಣ್ಣಿವಿಗೆ ಇಬ್ಬರೂ ಎಲ್ಲಮ್ಮನ ಗುಡ್ಡಕ್ಕೆ ಹೋಗುತ್ತೇವೆ. ಆಗ ಅದಲು ಬದಲು. ಮೊದಲ ಸಲ ಗುಡ್ಡದಲ್ಲಿ, ಆ ಗದ್ದಲದಲ್ಲಿ, ಕರವಸ್ತ್ರದಲ್ಲಿ ಸುತ್ತಿದ ಡಿಸ್ಕನ್ನು ಅಣ್ಣನ ಕೈಗೆ ಕೊಟ್ಟೆ. ಆತ ಬಿಚ್ಚಿ ನೋಡಿ, "ಉಧೋ" ಅಂದು, ಅದರ ಹಣೆಗೂ ಒಂದು ಚಿಟಿಕೆ ಭಂಡಾರ ಹಚ್ಚಿದ. ಯುಎಸ್‌ಬಿ ಕಿಂಡಿಯ ಸಂದಿಯಲ್ಲಿ ಆ ಹಳದಿ ಇನ್ನೂ ಇದೆ. ಕೆಲಸಕ್ಕೇನೂ ಅಡ್ಡಿಯಾಗಿಲ್ಲ.

ಮೊನ್ನೆ ಮಾರ್ಚ್ 31ಕ್ಕೆ ಪರೀಕ್ಷೆ ಮಾಡಿದೆ. ಜಗತ್ತಿನಲ್ಲಿ ಅದನ್ನು 2011ರಿಂದ ಬ್ಯಾಕಪ್ ದಿನವೆಂದು ಆಚರಿಸುತ್ತಾರೆ. ನಮ್ಮಲ್ಲಿ ಅದು ಬ್ಯಾಂಕಿನವರು ತಲೆ ಮೇಲೆ ಕೈ ಹೊತ್ತು ಕೂಡುವ ದಿನ. ತುಂಬಿಟ್ಟದ್ದನ್ನು ಒಮ್ಮೆಯಾದರೂ ತಿರುಗಿ ತೆಗೆದು ನೋಡದಿದ್ದರೆ ಅದು ಬ್ಯಾಕಪ್ಪಲ್ಲ, ಬರೀ ನಂಬಿಕೆ. ಅವ್ವನ ಬೀಸುಕಲ್ಲಿನ ಪದವೊಂದನ್ನು ಹಳೆಯ ರೌಟರಿನಿಂದಲೇ ಹಚ್ಚಿದೆ. ಕಲ್ಲಿನ ಗುರುಗುರು, ಅದರ ಮೇಲೆ ಹತ್ತು ವರ್ಷ ಚಿಕ್ಕವಳಾದ ಅವ್ವನ ದನಿ. ಅವ್ವ ಹಸನು ಮಾಡುತ್ತಿದ್ದ ಜೋಳದ ಮೊರ ಬದಿಗೆ ಸರಿಸಿ, ತಲೆ ವಾಲಿಸಿ ಕೇಳಿದಳು. ಮುಗಿದ ಮೇಲೆ ಕಣ್ಣು ಒರೆಸಿಕೊಳ್ಳುತ್ತಾಳೇನೋ ಎಂದು ನೋಡಿದೆ.

"ನಡುವ ಒಂದ ನುಡಿ ಬಿಟ್ಟಾಳ ನೋಡು ಈಕಿ" ಎಂದಳು. "ತಡಿ, ಹೇಳ್ತೀನಿ, ತುಂಬ್ಕೊ."

ಅಲ್ಲೇ ಕೂತು ಹಾಡಿದಳು, ಮೊಬೈಲಿನಲ್ಲಿ ಹಿಡಿದುಕೊಂಡೆ. ಫೈಲು 3 ಎಂಬಿ. ಹಳೆಯ ಡಬ್ಬಿಗೆ ಹೋಗಿ ಕೂಡಲು ಎರಡು ಸೆಕೆಂಡೂ ಹಿಡಿಯಲಿಲ್ಲ.