ಟೈರುರಾಯರು

ಮದುವೆ ಮನೆಯಲ್ಲಿ ಪಂಕ್ತಿ ಎದ್ದ ಮೇಲೆ ಕೆಲವರು ಎಲೆಯಡಿಕೆ ತಟ್ಟೆ ಹುಡುಕುತ್ತಾರೆ, ಕೆಲವರು ತಮ್ಮ ಚಪ್ಪಲಿ ಹುಡುಕುತ್ತಾರೆ. ಟೈರುರಾಯರು ಪಾರ್ಕಿಂಗಿಗೆ ಹೋಗುತ್ತಾರೆ. ಸಾಲಾಗಿ ನಿಂತ ಗಾಡಿಗಳ ಪಕ್ಕ ಒಂದೊಂದಾಗಿ ಕುಕ್ಕರುಗಾಲಲ್ಲಿ ಕೂತು ಟೈರಿನ ಮೇಲಿನ ಅಕ್ಷರ ಓದುತ್ತಾರೆ. ತಯಾರಾದ ವಾರ ಮತ್ತು ವರ್ಷ ಹೇಳುವ ನಾಲ್ಕಂಕಿ ಕಣ್ಣಿಗೆ ಬಿತ್ತೋ, ಮುಗಿಯಿತು. 2319 ಅಂದರೆ 2019ರ 23ನೇ ವಾರ. ತಕ್ಷಣ ಗಾಡಿಯ ಯಜಮಾನರನ್ನು ಹುಡುಕಿಕೊಂಡು ಹೋಗಿ, “ಸಾರ್, ನಿಮ್ಮ ಟೈರಿಗೆ ವಯಸ್ಸಾಯ್ತು” ಅನ್ನುತ್ತಾರೆ. ಆ ಯಜಮಾನರು ಹೆಣ್ಣೊಪ್ಪಿಸುವ ಶಾಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತಿರುವ ಮದುಮಗಳ ಅಪ್ಪನೇ ಆಗಿದ್ದರೂ ಸರಿ.

ಫೋರ್ ವೀಲ್ ಡ್ರೈವ್ ಗಾಡಿ ಇರುವ ಊರಲ್ಲೆಲ್ಲ ಇಂಥವರೊಬ್ಬರು ಇದ್ದೇ ಇರುತ್ತಾರೆ. ಸಕಲೇಶಪುರದಲ್ಲಿ ಇದ್ದಾರೆ, ಮಡಿಕೇರಿಯಲ್ಲಿ ಇದ್ದಾರೆ. ಬೆಂಗಳೂರಿನಲ್ಲಂತೂ ಕೆಸರೇ ಕಾಣದ ಕೆಸರು ಟೈರಿನವರು ಬೀದಿಗೊಬ್ಬರು. ಎಲ್ಲರಿಗೂ ಅನ್ವಯಿಸುವ ಹಾಗೆ ಬರೆಯೋಣವೆಂದೇ ಕೂತೆ. ಆದರೆ ನನ್ನ ಪಾಲಿಗೆ ಬಂದವರು ನನ್ನ ಸ್ವಂತ ಷಡ್ಡಕರು. ಮರೆಮಾಚಿ ಏನು ಪ್ರಯೋಜನ?

ಗಾಡಿ ಮಹೀಂದ್ರಾ ಥಾರ್, 2020ರ ಅಕ್ಟೋಬರಿನಲ್ಲಿ ಬಂತಲ್ಲ, ಆ ಮಾದರಿ. ಅದರಲ್ಲಿ ಮೇಲ್ದರ್ಜೆಯದು. ಕಂಪನಿಯವರು 255/65 ಆರ್ 18 ಟೈರು ಹಾಕಿ, ಹೊಳೆಯುವ ಅಲಾಯ್ ಕೊಟ್ಟು ಕಳಿಸಿದ್ದರು. ಪೂಜೆಯ ನಿಂಬೆಹಣ್ಣು ಚಕ್ರದಡಿ ಅಪ್ಪಚ್ಚಿಯಾದ ಮರುದಿನದಿಂದಲೇ ರಾಯರಿಗೆ ಆ ಚಕ್ರ ಸಾಲದಾಯಿತು. “ಭಾವ, 18 ಇಂಚಿನ ರಿಮ್ಮು ನೋಡೋಕೆ ಚಂದ ಅಷ್ಟೆ. ರಿಮ್ಮು ದೊಡ್ಡದಾದಷ್ಟೂ ಸೈಡ್‌ವಾಲ್ ಗಿಡ್ಡ. ಕಲ್ಲಿಗೆ ಬಡಿದ್ರೆ ರಿಮ್ಮೇ ಹೋಯ್ತು. ನಮಗೆ ಬೇಕಾಗಿರೋದು 16.” ದುಡ್ಡು ಕೊಟ್ಟು ದೊಡ್ಡ ಚಕ್ರ ತಗೊಂಡು, ಮತ್ತೆ ದುಡ್ಡು ಕೊಟ್ಟು ಅದನ್ನು ಚಿಕ್ಕದು ಮಾಡಿಸುವ ಈ ವ್ಯವಹಾರ ನಮ್ಮ ಅತ್ತೆಯವರಿಗೆ ಇವತ್ತಿಗೂ ಅರ್ಥವಾಗಿಲ್ಲ.

ಟೈರಿನ ಲೆಕ್ಕ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನನಗೇನೂ ಕೇಳಿ ಕಲಿಯುವ ಆಸೆ ಇರಲಿಲ್ಲ. 245/75 ಆರ್ 16 ಅಂದರೆ ಅಗಲ 245 ಮಿಲಿಮೀಟರು, ಸೈಡ್‌ವಾಲಿನ ಎತ್ತರ ಆ ಅಗಲದ ನೂರಕ್ಕೆ 75 ಪಾಲು, ರಿಮ್ಮು 16 ಇಂಚು. ಒಂದು ಮಿಲಿಮೀಟರಿನಲ್ಲಿ, ಒಂದು ಶೇಕಡಾದಲ್ಲಿ, ಇನ್ನೊಂದು ಇಂಚಿನಲ್ಲಿ: ಮೂರು ಊರಿನ ಜೋಯಿಸರು ಸೇರಿ ಬರೆದ ಜಾತಕದ ಹಾಗೆ. ಇದನ್ನೆಲ್ಲ ಕೂಡಿ ಗುಣಿಸಿದರೆ ಚಕ್ರದ ಒಟ್ಟು ಎತ್ತರ ಮೂವತ್ತೂವರೆ ಇಂಚು. ರಾಯರ ಕನಸಿನದು 285/75 ಆರ್ 16, ಹೆಚ್ಚುಕಮ್ಮಿ 33 ಇಂಚು. ಆ ಸಂಖ್ಯೆ ಹೇಳುವಾಗ ಮಾತ್ರ ಅವರು ದನಿ ತಗ್ಗಿಸುತ್ತಿದ್ದರು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಗಾಡಿಯ ಮೂಲ ರೂಪ ಬದಲಿಸುವಂತಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದ್ದು ಅವರಿಗೆ ಕಂಠಪಾಠ. ಕಾನೂನು ಗೊತ್ತಿರುವವನ ಸಂಕಟ ಗೊತ್ತಿಲ್ಲದವನಿಗಿಲ್ಲ.

ಬೇಸಿಗೆ ರಜೆಗೆ ನಾವೆಲ್ಲ ಕೊಪ್ಪದ ಹತ್ತಿರ ಅತ್ತೆಯವರ ಮನೆಯಲ್ಲಿ ಸೇರಿದ್ದಾಗ ಪ್ರಯೋಗ ಶುರುವಾಯಿತು. ಹೊಸ ಫ್ರಿಜ್ಜು ಬಂದ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ ರಾಯರು ಅಂಗಳದಲ್ಲಿ ಹಾಸಿದರು. ಮೊಳೆ, ದಾರ, ಪೆನ್ಸಿಲು. ಮೂರು ಸೈಜಿಗೆ ಮೂರು ಚಕ್ರ ಕತ್ತರಿಸಿ, ಒಂದೊಂದನ್ನೇ ನನ್ನ ಕೈಗೆ ಕೊಟ್ಟು ಗಾಡಿಯ ಪಕ್ಕ ಹಿಡಿದು ನಿಲ್ಲಲು ಹೇಳಿ, ತಾವು ಗೇಟಿನವರೆಗೆ ಹೋಗಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. “ಭಾವ, ಒಂಚೂರು ಹಿಂದೆ. ಹಾಂ, ಈಗ ಗಾಡಿಗೆ ಕಳೆ ಬಂತು.” ನನ್ನ ಕಣ್ಣಿಗೆ ಮೂರೂ ಒಂದೇ.

ಊಟ ಮುಗಿಸಿ ಬರುವಷ್ಟರಲ್ಲಿ ಮೂರು ಚಕ್ರವೂ ಮಾಯ. ಹುಡುಕಿದರೆ ಬಚ್ಚಲುಮನೆಯ ತಾರಸಿಯ ಮೇಲೆ, ಪಂಚೆ ಹಾಸಿ, ಹಲಸಿನ ಹಪ್ಪಳ ಹೊತ್ತುಕೊಂಡು ಬಿಸಿಲು ಕಾಯುತ್ತಿದ್ದವು. ಅತ್ತೆ ತಮ್ಮ ತೀರ್ಪನ್ನೂ ಕೊಟ್ಟರು: “ದೊಡ್ಡದೇ ಇರ್ಲಿ ಅಳಿಯಂದ್ರೆ, ಚಿಕ್ಕದ್ರಲ್ಲಿ ಆರು ಹಪ್ಪಳ ಕಮ್ಮಿ ಹಿಡೀತದೆ.”

ರಾಯರು ಸೋಲಲಿಲ್ಲ. ಎಲ್ಲಿಂದಲೋ 33 ಇಂಚಿನ ನಿಜವಾದ ಚಕ್ರವನ್ನೇ ಎರವಲು ತಂದರು. ಅದನ್ನು ಮುಂದಿನ ಎಡಗಡೆಗೆ ಸಿಕ್ಕಿಸಿ, ಹಿಂದಿನ ಬಲಚಕ್ರವನ್ನು ಮೆಟ್ಟಿಲಿಗೆಂದು ತಂದಿಟ್ಟಿದ್ದ ಸೈಜುಗಲ್ಲಿನ ಮೇಲೆ ಹತ್ತಿಸಿ, ಟಾರ್ಚು ಹಿಡಿದು ಗಾಡಿಯಡಿ ಮಲಗಿದರು. ಸ್ಟೇರಿಂಗು ನನ್ನ ಕೈಲಿ. “ಪೂರ್ತಿ ಬಲಕ್ಕೆ ಭಾವ. ಇನ್ನೂ. ಉಜ್ತಾ ಇದೆಯಾ?” ಉಜ್ಜುವುದು ನನಗೆ ಹೇಗೆ ಗೊತ್ತಾಗಬೇಕು? ನಾನು ಮೇಲೆ, ಅವರು ಕೆಳಗೆ. “ಈಗ ಪೂರ್ತಿ ಎಡಕ್ಕೆ.” ಎಡಕ್ಕೆ ತಿರುಗಿಸಿದೆ. ಕರ್ರ್ ಅಂತು. ಕೆಳಗಿನಿಂದ ಒಂದು ಸಂತೋಷದ ಉದ್ಗಾರ: “ಉಜ್ತು!” ಇದೇ ನನಗೆ ತಡೆಯಲಾಗದ್ದು. ಉಜ್ಜಿದರೆ ಬೇಸರವಾಗಬೇಕಲ್ಲವೇ? ಇವರಿಗೆ ಹಬ್ಬ. ಉಜ್ಜಿದರೆ ರಿಮ್ಮಿನ ಆಫ್‌ಸೆಟ್ಟು ಬದಲಿಸುವ ಚರ್ಚೆ, ಆಫ್‌ಸೆಟ್ಟು ಬದಲಿಸಿದರೆ ಚಕ್ರ ಹೊರಗೆ ಚಾಚಿ ಬಾಗಿಲಿಗೆಲ್ಲ ಕೆಸರು ಹಾರುವ ಚರ್ಚೆ. ಅಷ್ಟು ಹೊತ್ತಿಗೆ ನನಗಾಗಿ ಕರಿದ ಬಾಳೆಕಾಯಿ ಬಜ್ಜಿ ತಣ್ಣಗಾಗಿ, ರಾಯರ ಮಕ್ಕಳ ಹೊಟ್ಟೆ ಸೇರಿತ್ತು.

ಇಷ್ಟೆಲ್ಲ ಯಾತಕ್ಕೆ ಎಂದು ನಾನು ಕೇಳಿದ್ದೆ. ಗಾಡಿಯನ್ನು ಸ್ಪ್ರಿಂಗು ಹಾಕಿ ಎಷ್ಟೇ ಎತ್ತರಿಸಿದರೂ ಹಿಂದಿನ ಆಕ್ಸಲ್ಲಿನ ಡಿಫರೆನ್ಷಿಯಲ್ ಗುಂಡು ಇದ್ದಲ್ಲೇ ಇರುತ್ತದಂತೆ. ಅದನ್ನು ಕಲ್ಲಿನಿಂದ ಮೇಲೆತ್ತುವುದು ಟೈರೊಂದೇ. ಮಾತು ನಿಜ, ಒಪ್ಪಿದೆ. ಎಷ್ಟು ಮೇಲೆತ್ತುತ್ತದೆ? ಈಗಿರುವ 31 ಇಂಚಿನಿಂದ 33ಕ್ಕೆ ಹೋದರೆ ಸಿಗುವುದು ವ್ಯಾಸದಲ್ಲಲ್ಲ, ಅದರ ಅರ್ಧದಲ್ಲಿ. ಹೆಚ್ಚೆಂದರೆ ಒಂದಿಂಚು. ಅದಕ್ಕೆ ಬದಲಾಗಿ ಎಳೆತ ಕುಗ್ಗುತ್ತದೆ, ಬ್ರೇಕು ಮಂದವಾಗುತ್ತದೆ, 100 ಕಿಲೋಮೀಟರು ಓಡಿದರೆ ಮೀಟರು 95ರ ಆಸುಪಾಸು ತೋರಿಸುತ್ತದೆ. “ಮಾರೋವಾಗ ಲಾಭ” ಅಂದರು ರಾಯರು, ಮಾರುವ ಮಾತು ಎತ್ತಿದವರ ಮುಖ ಮತ್ತೆ ನೋಡದವರು.

ಕೆಸರಿಗೆ ಅಗಲದ ಟೈರೋ, ಸಪೂರದ್ದೋ ಎಂಬ ವಾದ ಎದ್ದಾಗ ಮಾತ್ರ ಅವರ ದನಿ ಬೇರೆಯಾಗುತ್ತದೆ. ಮರಳಿಗಾದರೆ ಅಗಲ ಬೇಕು, ಗಾಳಿ ಇಳಿಸಬೇಕು, ತೇಲಬೇಕು. ಮಲೆನಾಡಿನ ಕೆಸರಿನ ಕೆಳಗೆ ಗಟ್ಟಿ ನೆಲವಿದೆ. ಸಪೂರ ಟೈರು ಅದನ್ನು ಸೀಳಿಕೊಂಡು ಹೋಗಿ ಕಚ್ಚಿ ಹಿಡಿಯುತ್ತದೆ. ಕಳಸದಾಚೆ ಅವರ ಅಪ್ಪನ ಹಳೇ ಮಹೀಂದ್ರಾ ಜೀಪಿಗೆ ಇದ್ದದ್ದು 6.00-16. ಆಯ್ಕೆಯೇ ಇರಲಿಲ್ಲ, ಅಂಗಡಿಗೆ ಹೋಗಿ “ಜೀಪಿನ ಟೈರು” ಅಂದರೆ ಸಾಕಿತ್ತು. ಆರಿದ್ರಾ ಮಳೆ ಹಿಡಿದರೆ ಹಿಂದಿನ ಚಕ್ರಕ್ಕೆ ಕಬ್ಬಿಣದ ಚೈನು. ಕಟ್ಟುವ ಕೆಲಸ ಈ ಹುಡುಗನದು. ಕಾಲಿಗೆ ಉಂಬಳ, ಬೆನ್ನಿಗೆ ಮಳೆ, ಸ್ಟೇರಿಂಗಿನ ಹಿಂದೆ ಅಪ್ಪನ ಬೈಗುಳ. ಚೈನು ಸರಿಯಾಗಿ ಕೂತ ದಿನ ಜೀಪು ಒಂದೇ ಉಸಿರಿಗೆ ಏರು ಹತ್ತುತ್ತಿತ್ತು. ಅಪ್ಪ ಹೊಗಳುತ್ತಿರಲಿಲ್ಲ, ಬಯ್ಯುತ್ತಲೂ ಇರಲಿಲ್ಲ. ಇದನ್ನು ರಾಯರು ಹೇಳಿದ್ದು ಒಂದೇ ಸಲ, ಅದೂ ನಟ್ಟು ಬಿಗಿಯುತ್ತಾ. ಆವತ್ತು ನಾನೂ ಬಜ್ಜಿಯ ಸುದ್ದಿ ಎತ್ತಲಿಲ್ಲ.

ಕಡೆಗೆ ಅವರು ಹಾಕಿಸಿದ್ದು ಯಾವುದು ಗೊತ್ತೇ? 245/75 ಆರ್ 16. ಅದೇ ಥಾರಿನ ಕೆಳದರ್ಜೆಯ ಗಾಡಿಗೆ ಕಂಪನಿಯವರೇ ಕೊಡುತ್ತಿದ್ದ ಸೈಜು. 18ರ ಅಲಾಯ್ ಮಾರಿ, ಕಬ್ಬಿಣದ ರಿಮ್ಮು ಕೊಂಡು, ವಿಜಯಿಯಾಗಿ ಬಂದರು. ಎತ್ತರದಲ್ಲಿ ಗಾಡಿ ಮೊದಲಿಗಿಂತ 7 ಮಿಲಿಮೀಟರು ಕೆಳಗಿಳಿದಿತ್ತು. ನನ್ನ ಪಾಡು ನೋಡಿ, ಆ ಲೆಕ್ಕ ಮಾಡಿದವನು ನಾನು. ಬಾಯಿಬಿಡಲಿಲ್ಲ.

ಹೊಸ ಟೈರಿನಲ್ಲಿ ಮೊದಲು ಹೊರಟಿದ್ದು ಅವರ ಅಪ್ಪನ ಮನೆಗೇ. ಕೈಮರ ದಾಟಿ ಮಣ್ಣುರಸ್ತೆ ಶುರುವಾಗಬೇಕಾದಲ್ಲಿ ಗಾಡಿ ನಿಲ್ಲಿಸಿದರು. ಪಂಚಾಯಿತಿಯವರು ಮನೆಯ ಗೇಟಿನವರೆಗೂ ಕಾಂಕ್ರೀಟು ಹಾಕಿದ್ದರು. ರಾಯರು ಇಳಿದು, ಬಗ್ಗಿ, ಅಂಗೈಯಿಂದ ಸವರಿ ನೋಡಿದರು.

“ಭಾವ, ಕಾಂಕ್ರೀಟು ಒರಟಿದೆ. ಈ ಟೈರು ಬೇಗ ಸವೆಯುತ್ತೆ. ಇಲ್ಲಿಗೆ ಹೈವೇ ಟೈರೇ ಸರಿ.”

“ಹೈವೇ ಟೈರಿಗಾದ್ರೆ 18ರ ರಿಮ್ಮೇ ಚೆನ್ನಾಗಿತ್ತಲ್ವಾ?” ಅಂದೆ. ನನ್ನ ಬಾಯಿಂದಲೇ ಬಂದ ಮಾತು.

ರಾಯರು ಆಗಲೇ ಫೋನು ತೆಗೆದಿದ್ದರು, ಆ ರಿಮ್ಮು ಕೊಂಡವರು ಈಗ ಎಷ್ಟಕ್ಕೆ ವಾಪಸು ಕೊಡುತ್ತಾರೆ ಅಂತ ಕೇಳಲು.