ಏಡಿ ಒಪ್ಪುವ ಮನೆ

ಸನ್ಯಾಸಿ ಏಡಿ ಸಾಕಿದವರ ಮನೆಯಲ್ಲಿ ಏಡಿಗಳಿಗಿಂತ ಖಾಲಿ ಶಂಖಗಳೇ ಹೆಚ್ಚು. ಒಂದು ಏಡಿಗೆ ಕಡಿಮೆಯೆಂದರೂ ಮೂರು ಬಿಡಿ ಶಂಖ ಇಡಬೇಕು, ಐದಾದರೆ ಇನ್ನೂ ಒಳ್ಳೆಯದು. ಬಾಡಿಗೆಗೆ ಬಂದವನೊಬ್ಬ ತಾನು ಒಂದು ಮನೆಯಲ್ಲಿದ್ದುಕೊಂಡು, ಅದೇ ಬೀದಿಯಲ್ಲಿ ಇನ್ನೂ ನಾಲ್ಕು ಮನೆ ತನಗಾಗಿ ಖಾಲಿ ಬಿದ್ದಿರಲಿ ಎಂದರೆ ಯಾವ ಮಾಲೀಕ ಸುಮ್ಮನಿದ್ದಾನು? ಏಡಿ ಬಾಯಿಬಿಟ್ಟು ಕೇಳುವುದಿಲ್ಲ. ಅದರ ಪರವಾಗಿ ಮಗಳು ಕೇಳುತ್ತಾಳೆ, ಗಂಡ ದುಡ್ಡು ಕೊಡುತ್ತಾರೆ, ನಾನು ಕುದಿಸುತ್ತೇನೆ.

ನಾವಿರುವುದು ನ್ಯೂಜೆರ್ಸಿಯಲ್ಲಿ. ಬೇಸಿಗೆ ಬಂತೆಂದರೆ ಇಲ್ಲಿಯ ಕಡಲೂರುಗಳ ಬೋರ್ಡ್‌ವಾಕ್‌ನಲ್ಲಿ ಐಸ್‌ಕ್ರೀಮು, ಟೀ ಶರ್ಟುಗಳ ನಡುವೆ ತಂತಿ ಪಂಜರದಲ್ಲಿ ಏಡಿಗಳನ್ನೂ ಮಾರುತ್ತಾರೆ. ಕೆರಿಬಿಯನ್ ದ್ವೀಪಗಳ ದಡದಲ್ಲಿ ತಮ್ಮ ಪಾಡಿಗೆ ಓಡಾಡಿಕೊಂಡಿದ್ದ ಬಡಪಾಯಿಗಳು, ಇಲ್ಲಿ ಬೆನ್ನ ಮೇಲೆ ಸ್ಪೈಡರ್‌ಮ್ಯಾನ್ ಮುಖ ಹೊತ್ತು ನಿಂತಿರುತ್ತವೆ. ಆ ಬಣ್ಣ ಚಕ್ಕೆಯೇಳುತ್ತದೆ, ಏಡಿ ಅದನ್ನು ಕೆರೆದು ತಿನ್ನುತ್ತದೆ. ಹಾಗಾಗಿ ಗುಂಡ, ಪುಟ್ಟಿ, ಶಾನುಭೋಗ ಎಂಬ ನಮ್ಮ ಮೂವರು ಬಂದ ದಿನದಿಂದಲೇ ಮನೆ ಹುಡುಕಾಟ ಶುರುವಾಯಿತು.

ಎಲ್ಲ ಶಂಖವೂ ಆಗುವುದಿಲ್ಲ. ಏಡಿಯ ಹಿಂಭಾಗ ಮೆತ್ತಗೆ, ಬಲಕ್ಕೆ ಸುರುಳಿಯಾಗಿ ಬಾಗಿರುತ್ತದೆ. ಎಡಗೈಯ ದೊಡ್ಡ ನೇರಳೆ ಕೊಂಡಿಯೇ ಬಾಗಿಲು; ಒಳಗೆ ಸರಿದು ಅದನ್ನು ಅಡ್ಡ ಇಟ್ಟರೆ ಮನೆ ಭದ್ರ. ಆದ್ದರಿಂದ ದುಂಡು ಬಾಯಿಯ ಟರ್ಬೊ ಶಂಖಗಳೇ ಇವಕ್ಕೆ ಇಷ್ಟ. ಬಾಯಿಯ ಅಗಲ ಕೊಂಡಿಗಿಂತ ಕೂದಲೆಳೆಯಷ್ಟು ಹೆಚ್ಚಿರಬೇಕು. ಕಿಟಕಿ ಪರದೆಗೆ ಅಳತೆ ಕೊಡಿ ಎಂದರೆ ಮೊಳದಲ್ಲಿ ಹೇಳುವ ನನ್ನ ಗಂಡ, ಏಡಿಗಾಗಿ ವರ್ನಿಯರ್ ಕ್ಯಾಲಿಪರ್ ತರಿಸಿದರು.

ದೇವರ ಗೂಡಿನ ಶಂಖದ ಮೇಲೆ ಮಗಳ ಕಣ್ಣು ಬಿದ್ದದ್ದನ್ನು ಕಂಡು, ಊರಿಂದ ಬಂದಿದ್ದ ಅತ್ತೆ ಅದನ್ನು ಸೀರೆಗಳ ನಡುವೆ ಬಚ್ಚಿಟ್ಟರು. ನಮ್ಮದು ಮಾಮೂಲಿ ಶಂಖ. ಲಕ್ಷಗಟ್ಟಲೆ ಕೊಟ್ಟು ಪೂಜೆಗಿಡುವ ಬಲಮುರಿ ಶಂಖವಾಗಿದ್ದರೆ ಬಚ್ಚಿಡುವ ಅಗತ್ಯವೇ ಇರಲಿಲ್ಲ. ಅದರ ಸುರುಳಿ ಉಳಿದ ಶಂಖಗಳಿಗೆ ತಿರುಗುಮುರುಗು. ಏಡಿಯ ಸೊಂಟ ಆ ಕಡೆ ತಿರುಗುವುದೇ ಇಲ್ಲ. ಲಕ್ಷ್ಮಿ ನೆಲೆಸುತ್ತಾಳೆ ಎನ್ನುವ ಮನೆಯಲ್ಲಿ ಶಾನುಭೋಗ ಒಂದು ರಾತ್ರಿಯೂ ಇರಲಾರ.

ಕೊಂಡ ಶಂಖವನ್ನು ಹಾಗೇ ಕೊಡುವಂತಿಲ್ಲ. ಹಳೆಯ ನಿವಾಸಿಯ ಒಣಗಿದ ಚೂರು ಎಲ್ಲೋ ಒಳಸುತ್ತಿನಲ್ಲಿ ಕೂತು ನಾರುತ್ತಿರುತ್ತದೆ. ನಲ್ಲಿನೀರಿನ ಕ್ಲೋರಿನ್ ಏಡಿಯ ಕಿವಿರಿಗೆ ಆಗದು, ಅದನ್ನು ತೆಗೆದ ನೀರೇ ಬೇಕು. ಅದಕ್ಕೆ ಅಕ್ವೇರಿಯಂನವರು ಬಳಸುವ ಸಮುದ್ರದುಪ್ಪು ಹಾಕಿ ಐದು ಹತ್ತು ನಿಮಿಷ ಕುದಿಸಬೇಕು. ಕುದ್ದದ್ದನ್ನು ತಣ್ಣೀರಿಗೆ ಹಾಕಿದರೆ ಬಿರುಕು ಬಿಡುತ್ತದೆ, ತಾನಾಗಿ ಆರಬೇಕು. ಇಕ್ಕಳದಲ್ಲಿ ಎತ್ತುವಾಗ ಸುರುಳಿಯೊಳಗೆ ಅಡಗಿದ ಬಿಸಿನೀರು ಮುಂಗೈಗೇ ಗುರಿಯಿಟ್ಟು ಸುರಿಯುತ್ತದೆ. ಆಮೇಲೆ ಶಂಖವನ್ನು ಸುರುಳಿಯ ದಿಕ್ಕಿನಲ್ಲೇ ತಿರುಗಿಸುತ್ತ ನೀರು ಬಸಿದು, ಟಾರ್ಚು ಹಾಕಿ ಒಳಗೆ ಮರಳು ಸಿಕ್ಕಿದೆಯೇ, ಗೋಡೆಯಲ್ಲಿ ತೂತಿದೆಯೇ ನೋಡಬೇಕು. ಏಡಿ ತನ್ನ ಶಂಖದಲ್ಲಿ ಒಂದಿಷ್ಟು ನೀರು ಕೂಡಿಟ್ಟುಕೊಳ್ಳುವ ಪ್ರಾಣಿ, ಸೋರುವ ಮನೆಯನ್ನು ಮುಟ್ಟದು.

ಅತ್ತೆ ಅಘನಾಶಿನಿ ಹೊಳೆದಂಡೆಯವರು. ಬಳಚು ಹೆಕ್ಕಿ, ಬೇಯಿಸಿ, ಮಾಂಸ ಬಿಡಿಸಿ ಚಿಪ್ಪು ಎಸೆದು ಬೆಳೆದವರು. ಪಾತ್ರೆಯಲ್ಲಿ ಇಣುಕಿದರು.

"ಎಂತದೇ ಬೇಯಿಸ್ತಾ ಇದ್ದೀ?"

"ಶಂಖ, ಅತ್ತೆ."

"ಒಳಗೆ?"

"ಒಳಗೇನೂ ಇಲ್ಲ."

"ಉಪ್ಪು?"

"ಹಾಕಿದ್ದೀನಿ."

ಅಮೆರಿಕದಲ್ಲಿ ಸಂಬಳ ಸರಿಯಾಗಿ ಆಗುತ್ತಿದೆಯೇ ಎಂದು ಆ ರಾತ್ರಿ ಮಗನನ್ನು ಗುಟ್ಟಾಗಿ ಕೇಳಿದರಂತೆ.

ಇಷ್ಟು ಮಾಡಿ ಮರಳ ಮೇಲೆ ಸಾಲಾಗಿ ಇಟ್ಟರೆ ಶಾನುಭೋಗ ಮನೆ ನೋಡಲು ಬರುತ್ತಾನೆ. ಹೊರಗೋಡೆ ತಡವುತ್ತಾನೆ, ಕೊಂಡಿಯನ್ನು ಒಳಗೆ ತೂರಿಸಿ ಮೂಲೆಮೂಲೆ ಅಳೆಯುತ್ತಾನೆ, ಒಮ್ಮೆ ಹೊರಳಿಸಿ ತೂಕ ನೋಡುತ್ತಾನೆ. ನಾವೆಲ್ಲ ಉಸಿರು ಬಿಗಿಹಿಡಿದಿರುವಾಗ ಹೊರಟೇ ಹೋಗುತ್ತಾನೆ. ಎಲ್ಲರೂ ಮಲಗಿದ ಮೇಲೆ ಹೊಳೆಯುವ ಹೊಸದೊಂದಕ್ಕೆ ನುಗ್ಗಿ, ಬೆಳಗಾಗುವಷ್ಟರಲ್ಲಿ ಹಳೆಯದಕ್ಕೆ ಮರಳಿರುವುದೂ ಉಂಟು. ಕೊನೆಗೆ ಒಪ್ಪುವುದು ಚಿಕ್ಕಾಸಿನ, ಅಂಚು ಸವೆದ, ಬೂದುಬಣ್ಣದ ಶಂಖವನ್ನೇ. ಒಪ್ಪದವುಗಳನ್ನು ಎಸೆಯುವಂತಿಲ್ಲ. ಆಗಾಗ ತೆಗೆದು ತೊಳೆದು, ಕೊಳೆ ಹಿಡಿದರೆ ಮತ್ತೆ ಕುದಿಸಿ, ಜಾಗ ಬದಲಿಸಿ ಇಡಬೇಕು. ಚೆನ್ನಾಗಿ ನೋಡಿಕೊಂಡರೆ ಇವು ಮೂವತ್ತು ವರ್ಷ ದಾಟುತ್ತವೆ. ನಮ್ಮ ಮನೆಸಾಲದ ಅವಧಿಯೂ ಅಷ್ಟೇ.

ಒಬ್ಬ ಮನೆ ಬಿಟ್ಟರೆ ಎಲ್ಲರಿಗೂ ಅನುಕೂಲ ಎನ್ನುವುದನ್ನು ಐವನ್ ಚೇಸ್ ಎಂಬ ಸಮಾಜಶಾಸ್ತ್ರಜ್ಞ ಇಲ್ಲೇ ಪಕ್ಕದ ಲಾಂಗ್ ಐಲ್ಯಾಂಡಿನ ಕಡಲ ಏಡಿಗಳಲ್ಲಿ ಗಮನಿಸಿ 1988ರಲ್ಲಿ ಬರೆದ. ದೊಡ್ಡದು ಹೊಸ ಶಂಖಕ್ಕೆ ಹೋದರೆ ಅದರ ಹಳೆಯದಕ್ಕೆ ನಡುವಿನದು, ನಡುವಿನದರ ಮನೆಗೆ ಚಿಕ್ಕದು. ಮನುಷ್ಯರ ನೌಕರಿಗಳಲ್ಲಿ ಹೀಗೆ ತೆರವು ಸರಪಳಿಯಾಗಿ ಸಾಗುವುದನ್ನು ಅದಕ್ಕೂ ಮೊದಲೇ ಇನ್ನೊಬ್ಬ ಸಮಾಜಶಾಸ್ತ್ರಜ್ಞ ಗುರುತಿಸಿದ್ದ. ನಮ್ಮಲ್ಲೂ ಶಾನುಭೋಗ ಎದ್ದ ಮನೆಗೆ ಗುಂಡ, ಗುಂಡ ಬಿಟ್ಟ ಮನೆಗೆ ಪುಟ್ಟಿ ಹೋದರು. ಪುಟ್ಟಿಯ ಸ್ಪೈಡರ್‌ಮ್ಯಾನನ್ನು ಮಗಳು ಪೆನ್ಸಿಲ್ ಕೆತ್ತಿದ ಪುಡಿ ತುಂಬಲು ಇಟ್ಟುಕೊಂಡಿದ್ದಾಳೆ.

ಈ ಬೇಸಿಗೆಗೆ ಅತ್ತೆ ಮತ್ತೆ ಬರುವವರಿದ್ದಾರೆ. ಮೊನ್ನೆ ಫೋನು ಮಾಡಿದ್ದರು.

"ಗೋಕರ್ಣದ ಬದಿ ರಾಶಿ ಶಂಖ ಬಿದ್ದದೆ. ಒಂದು ಚೀಲ ತರ್ಲಾ?"

"ಬೇಡ ಅತ್ತೆ. ಅಲ್ಲಿಯ ಏಡಿಗಳಿಗೆ ಮನೆ ಇಲ್ಲದ ಹಾಗಾಗುತ್ತೆ. ಜಗತ್ತಿನ ಎಷ್ಟೋ ಕಡೆ ಪಾಪ, ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ಹೊತ್ತು ತಿರುಗ್ತಿವೆಯಂತೆ."

ಅತ್ತೆ ಸ್ವಲ್ಪ ಹೊತ್ತು ಯೋಚಿಸಿದರು.

"ಹಂಗಾರೆ ನೀವು ದುಡ್ಡು ಕೊಟ್ಟು ತರ್ಸಿದ್ದು ಯಾವ ಊರಿನ ಏಡಿ ಮನೆಯೇ?"

ಬರುವಾಗ ಅಪ್ಪೆಮಿಡಿ ಉಪ್ಪಿನಕಾಯಿ ಮರೆಯಬೇಡಿ ಎಂದೆ.