ಸೇರಕ್ಕಿ ಶಾಸ್ತ್ರವೂ ಸಬ್‌ವೂಫರ್ ಪೆಟ್ಟಿಗೆಯೂ

ಮನೆಯಲ್ಲೇ ಗರಗಸ ಹಿಡಿದು ಮಾಡಿದ ಸಬ್‌ವೂಫರ್ ಪೆಟ್ಟಿಗೆಗೆ ಹೊಸ ವೂಫರ್ ಹುಡುಕುವುದು ಮಗಳಿಗೆ ಗಂಡು ಹುಡುಕುವುದಕ್ಕಿಂತ ಕಷ್ಟದ ಕೆಲಸವೆಂಬುದನ್ನು ಹೊರನಾಡ ಕನ್ನಡ ಸಂಸಾರಗಳನ್ನು ಬಲ್ಲವರು ಒಪ್ಪುತ್ತಾರೆ. ಗಂಡು ಹೊಂದದಿದ್ದರೆ ಜಾತಕ ನೋಡಿದವರ ಮೇಲೆ ಹಾಕಿ ಕೈತೊಳೆದುಕೊಳ್ಳಬಹುದು, ವೂಫರ್ ಹೊಂದದಿದ್ದರೆ ಪೆಟ್ಟಿಗೆ ಮಾಡಿದ ಯಜಮಾನನೇ ಊಟದ ಹೊತ್ತಿನಲ್ಲಿ ಉತ್ತರ ಹೇಳಬೇಕಾಗುತ್ತದೆ. ವೂಫರ್ ಎಂದರೆ ಅಗಲವಾದ ಕೋನಿನಿಂದ ಗಾಳಿಯನ್ನು ತಳ್ಳಿ ಡೊಳ್ಳು, ಗುಡುಗು, ಹೆಲಿಕಾಪ್ಟರು, ಖಳನಾಯಕನ ಕಾರಿನ ಸ್ಫೋಟ ಮುಂತಾದ ತಗ್ಗಿನ ಸದ್ದುಗಳನ್ನು ಹೊರಡಿಸುವ ಸ್ಪೀಕರು. ಬಿಡಿಯಾಗಿ ಅದು ಏನನ್ನೂ ಸಾಧಿಸಲಾರದು, ಏಕೆಂದರೆ ಕೋನಿನ ಮುಂದಿನ ಅಲೆಯನ್ನು ಹಿಂದಿನ ಅಲೆ ಅಳಿಸಿಹಾಕುತ್ತದೆ. ಆ ಹಿಂದಿನ ಅಲೆಯನ್ನು ಕೂಡಿಹಾಕುವುದಕ್ಕೇ ಪೆಟ್ಟಿಗೆ.

ಸಿಡ್ನಿಯ ಪಶ್ಚಿಮದಲ್ಲಿರುವ ವೆಂಟ್‌ವರ್ತ್‌ವಿಲ್ ಬಡಾವಣೆಯಲ್ಲಿ ನೆಲೆಸಿದ ದಾವಣಗೆರೆ ಕಡೆಯ ಒಂದು ಕುಟುಂಬದಲ್ಲಿ ಈಚೆಗೆ ನಡೆದ ಕದನವು ಈ ವಿಷಯದ ಅಧ್ಯಯನಕ್ಕೆ ಸಮೃದ್ಧ ಸಾಮಗ್ರಿಯನ್ನು ಒದಗಿಸಿದೆ. ಆ ಮನೆಯ ಹನ್ನೆರಡು ಇಂಚಿನ ವೂಫರಿನ ಅಂಚಿನ ಫೋಮ್ ಪಟ್ಟಿ, ಅಂದರೆ ಕೋನನ್ನು ಚೌಕಟ್ಟಿಗೆ ಹಿಡಿದಿಟ್ಟು ಹಿಂದೆ ಮುಂದೆ ಆಡಲು ಬಿಡುವ ಮೆತ್ತನೆಯ ಬಳೆ, ವರ್ಷಗಟ್ಟಲೆ ತೇವಕ್ಕೂ ಬೆಳಕಿಗೂ ಸಿಕ್ಕ ಫೋಮಿಗೆ ಆಗುವಂತೆಯೇ ಮುಟ್ಟಿದರೆ ಪುಡಿಯಾಗುವ ಸ್ಥಿತಿಗೆ ಬಂದಿತ್ತು. ವರ್ಷಕ್ಕೊಮ್ಮೆ ಊರಿನಿಂದ ಬಂದು ಕೆಲವು ತಿಂಗಳು ಇದ್ದುಹೋಗುವ ಅಜ್ಜ, ಬೆಂಗಳೂರಿನ ಎಸ್.ಪಿ. ರಸ್ತೆಗೆ ಕೊಟ್ಟರೆ ಹೊಸ ಅಂಚು ಅಂಟಿಸಿಕೊಡುತ್ತಾರೆಂದೂ, ಹೋಗಿಬರುವವರ ಸೂಟ್‌ಕೇಸಿನಲ್ಲಿ ಕಳಿಸಿದರೆ ಖರ್ಚೇ ಇಲ್ಲವೆಂದೂ ಸೂಚಿಸಿದರು. ಸಲಹೆಯನ್ನು ನಕ್ಕು ತಳ್ಳಿಹಾಕಲಾಯಿತಾದರೂ ಅದು ಶಾಸ್ತ್ರಸಮ್ಮತವೇ ಆಗಿತ್ತು, ಏಕೆಂದರೆ ಅದೇ ಬಗೆಯ ಅಂಚು ಹಾಕಿದ ಹಳೆಯ ವೂಫರ್ ತನ್ನ ಹಳೆಯ ಪೆಟ್ಟಿಗೆಗೆ ಹೊಂದುವಷ್ಟು ಹೊಸದು ಯಾವುದೂ ಹೊಂದುವುದಿಲ್ಲ. ದುರದೃಷ್ಟವಶಾತ್ ಕೋನನ್ನು ಮೆಲ್ಲಗೆ ಒತ್ತಿದಾಗ ಕರಕರ ಸದ್ದು ಬಂದು, ಒಳಗಿನ ತಂತಿಸುರುಳಿಯೂ ಸುಟ್ಟಿರುವುದು ಖಚಿತವಾಯಿತು. ಸುಟ್ಟದ್ದು ಮೊಮ್ಮಗನ ಯುದ್ಧದ ಚಿತ್ರದಿಂದಲೋ, ಕಿವಿ ಮಂದವಾದ ಅಜ್ಜ ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿ ನೋಡಿದ ಭಕ್ತಿಚಿತ್ರದಿಂದಲೋ ಎಂಬ ಚರ್ಚೆಯನ್ನು ಇಲ್ಲಿ ಕೈಬಿಡಲಾಗಿದೆ.

ಹೀಗಾಗಿ ಹೊಸ ವೂಫರನ್ನೇ ಹುಡುಕಬೇಕಾಯಿತು. ವೂಫರಿಗೂ ಪೆಟ್ಟಿಗೆಗೂ ಕೂಟ ನೋಡುವ ಶಾಸ್ತ್ರ ಬೆಳೆದದ್ದು ಅದೇ ಸಿಡ್ನಿಯಲ್ಲಿ. ಅಲ್ಲಿನ ಎಂಜಿನಿಯರ್ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕ ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ವಿಸ್ತರಿಸಿದ ಮೇಲೆ, ಪ್ರತಿಯೊಂದು ವೂಫರಿಗೂ ಥೀಲ್-ಸ್ಮಾಲ್ ಅಂಕಿಗಳೆಂಬ ಜಾತಕ ದೊರೆಯಿತು. ಅದರಲ್ಲಿ ಎಫ್.ಎಸ್. ಎಂಬುದು ಬಿಡಿ ವೂಫರಿನ ಕೋನು ತಾನಾಗಿ ಕಂಪಿಸಬಯಸುವ ಆವರ್ತನ, ವಿ.ಎ.ಎಸ್. ಎಂಬುದು ಕೋನಿನ ಕಟ್ಟುಗಳಲ್ಲಿರುವಷ್ಟೇ ಸ್ಪ್ರಿಂಗಿನ ಗುಣವನ್ನು ತೋರಬಲ್ಲ ಗಾಳಿಯ ಗಾತ್ರ, ಕ್ಯೂ.ಟಿ.ಎಸ್. ಎಂಬುದು ಕಂಪಿಸತೊಡಗಿದ ಕೋನು ಎಷ್ಟು ಬೇಗ ಹದ್ದುಬಸ್ತಿಗೆ ಬರುತ್ತದೆಂಬುದರ ಸೂಚಿ. ಈ ಕೊನೆಯದು ಸುಮಾರು 0.4ರ ಒಳಗಿದ್ದರೆ ಗಾಳಿಕೊಳವೆಯಿರುವ ಪೆಟ್ಟಿಗೆಯೂ, ಅದಕ್ಕಿಂತ ಹೆಚ್ಚಿದ್ದರೆ ಪೂರ್ತಿ ಮುಚ್ಚಿದ ಪೆಟ್ಟಿಗೆಯೂ ಸಾಮಾನ್ಯವಾಗಿ ಹೊಂದುತ್ತವೆ. ಆದರೆ ಕೂಟ ನೋಡುವುದಕ್ಕೆ ಪೆಟ್ಟಿಗೆಯ ಜಾತಕವೂ, ಅಂದರೆ ಒಳಗಿನ ಗಾಳಿಯ ನಿವ್ವಳ ಗಾತ್ರವೂ ಬೇಕು, ಮತ್ತು ಆ ಮನೆಯ ಪೆಟ್ಟಿಗೆಯ ಜಾತಕ ಕಳೆದುಹೋಗಿತ್ತು. 18 ಮಿಲಿಮೀಟರ್ ಎಂ.ಡಿ.ಎಫ್., ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆಯಿಂದ ಅದನ್ನು ಕಟ್ಟಿದ ಯಜಮಾನ, ಗೋಡೆಗಳು ಅದುರದಿರಲೆಂದು ಉಳಿದ ತುಂಡುಗಳನ್ನೆಲ್ಲ ಒಳಗೆ ಅಡ್ಡಾದಿಡ್ಡಿ ಅಂಟಿಸಿದ್ದನಾದ್ದರಿಂದ ಟೇಪು ಹಿಡಿದು ಲೆಕ್ಕ ಹಾಕುವ ದಾರಿಯೂ ಮುಚ್ಚಿತ್ತು.

ಆಗ ಅಜ್ಜನೊಡನೆ ಬಂದಿದ್ದ ಅಜ್ಜಿಯ ಪ್ರವೇಶವಾಯಿತು. ಪೆಟ್ಟಿಗೆಯ ತುಂಬ ಮಂಡಕ್ಕಿ ಸುರಿದು ಸೇರಿನಲ್ಲಿ ಅಳೆದುಬಿಟ್ಟರೆ ಆಯಿತೆಂದು ಅವರು ಅವರೆಕಾಯಿ ಸುಲಿಯುತ್ತ ಹೇಳಿದ ಮಾತು ವೈಜ್ಞಾನಿಕವಾಗಿ ನಿರ್ದುಷ್ಟವಾದದ್ದು: ಅಂಕುಡೊಂಕಾದ ಒಡಲನ್ನು ಹಗುರವಾದ ಕಾಳಿನಿಂದ ತುಂಬಿ, ಆ ಕಾಳನ್ನು ಅಳೆದು ಗಾತ್ರ ಕಂಡುಕೊಳ್ಳುವುದು ಪೆಟ್ಟಿಗೆ ಕಟ್ಟುವವರಲ್ಲಿ ಇರುವ ಕ್ರಮವೇ. ಸಮೀಪದ ಭಾರತೀಯ ದಿನಸಿ ಅಂಗಡಿಯಲ್ಲಿದ್ದ ಮಂಡಕ್ಕಿಯ ಪೊಟ್ಟಣಗಳೆಲ್ಲವನ್ನೂ ಕೊಂಡುತಂದು, ಪೆಟ್ಟಿಗೆಯನ್ನು ಮುಖ ಮೇಲಾಗಿ ಮಲಗಿಸಿ, ಪಕ್ಕದ ಗಾಳಿಕೊಳವೆಯ ಹೊರಬಾಯಿಗೆ ಅಜ್ಜನ ಒಗೆದ ಪಂಚೆಯನ್ನು ತುರುಕಿ, ಅಳತೆ ಆರಂಭಿಸಲಾಯಿತು. ಪಂಚೆ ತಮ್ಮದೇ ಯಾಕಾಗಬೇಕೆಂದು ಅಜ್ಜ ಕೇಳಿದ್ದಕ್ಕೆ ಯಾರೂ ಉತ್ತರಿಸಲಿಲ್ಲ.

ತೊಡಕು ತಲೆದೋರಿದ್ದು ಸೇರಿನ ತಲೆಯಲ್ಲಿ. ಅಜ್ಜಿ ಪ್ರತಿ ಸೇರನ್ನೂ ಗೋಪುರ ಬರುವಂತೆ ತುಂಬಿ ಸುರಿಯುತ್ತಿದ್ದರು; ಪೆಟ್ಟಿಗೆ ಕಟ್ಟಿದ ಮಗ ಅಂಗೈಯಿಂದ ತಲೆ ಸವರಿ ಮಟ್ಟಸ ಮಾಡಬೇಕೆಂದು ಹಟ ಹಿಡಿದ. “ಅಳೆಯೋ ಕೈಗೆ ಬಡತನ ಇರಬಾರದಪ್ಪಾ” ಎಂಬುದು ಅವರ ಸಿದ್ಧಾಂತವಾಗಿದ್ದು, ಅದರಂತೆ ಪೆಟ್ಟಿಗೆ ಐವತ್ತಾರು ಸೇರು ಹಿಡಿಯಿತು. ಮತ್ತೆ ಖಾಲಿ ಮಾಡಿ ಮಗನ ಕ್ರಮದಲ್ಲಿ ಅಳೆದಾಗ ಅರವತ್ತೈದು ಹಿಡಿಯಿತು. ಎರಡನೆಯ ಸುತ್ತಿನಲ್ಲಿ ಅಜ್ಜನೂ ಮೊಮ್ಮಗನೂ ಮಾಪನದ್ರವ್ಯವನ್ನು ಮುಕ್ಕುತ್ತ ಕೂತಿದ್ದರೆಂಬುದನ್ನೂ, ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಆಗಲೇ ಹೊರಟಿತ್ತೆಂಬುದನ್ನೂ ಈ ಅಂಕಿಯ ಜೊತೆಗೇ ಓದಿಕೊಳ್ಳಬೇಕು.

ಸೇರು ಎಂದರೆ ಎಷ್ಟು ಲೀಟರ್ ಎಂಬುದು ಮುಂದಿನ ಪ್ರಶ್ನೆ. ನಾಲ್ಕು ಪಾವಿಗೆ ಒಂದು ಸೇರೆಂಬ ಅಳತೆಯನ್ನು ಭಾರತ 1956ರ ಕಾಯ್ದೆಯಿಂದಲೂ, ಆಸ್ಟ್ರೇಲಿಯಾ ತನ್ನ ಔನ್ಸು ಪೈಂಟುಗಳನ್ನು 1970ರ ಕಾಯ್ದೆಯಿಂದಲೂ ಮೆಟ್ರಿಕ್ಕಿಗೆ ಒಪ್ಪಿಸಿದ್ದರೂ, ವಿಮಾನದ ಲಗೇಜಿನಲ್ಲಿ ಬಂದ ಆ ಹಿತ್ತಾಳೆ ಸೇರಿಗೆ ಎರಡೂ ಕಾಯ್ದೆಗಳು ಮುಟ್ಟಿರಲಿಲ್ಲ. ಮೊಮ್ಮಗ ಅದನ್ನು ನೀರು ತುಂಬಿ ಅಳತೆಯ ಜಾಡಿಗೆ ಸುರಿದು 960 ಮಿಲಿಲೀಟರ್ ಎಂದು ಸಾರಿದ. ಅಜ್ಜಿ ಕೂಡಲೇ, ನೆಗ್ಗಿರುವುದರಿಂದ ಅಷ್ಟು ಕಡಿಮೆಯಾಗಿದೆ, ಮೊದಲು ಪೂರ್ತಿ ಇತ್ತು ಎಂದರು. ನೆಗ್ಗಿದ್ದು ಹೇಗೆ ಎಂದು ಮೊಮ್ಮಗ ಕೇಳಬಾರದಿತ್ತು.

ಅದು ಮನೆ ತುಂಬಿಸಿಕೊಳ್ಳುವ ದಿನ ಹೊಸಿಲ ಮೇಲಿಟ್ಟ ಸೇರು. ಮದುಮಗಳು ಅಕ್ಕಿ ತುಂಬಿದ ಸೇರನ್ನು ಬಲಗಾಲಿನಿಂದ ಮೆಲ್ಲಗೆ ತಾಗಿಸಿ ಒಳಕ್ಕೆ ಉರುಳಿಸಿ ಗಂಡನ ಮನೆಗೆ ಕಾಲಿಡುವುದೇ ಸೇರಕ್ಕಿ ಶಾಸ್ತ್ರ. ಕಾಲೇಜಿನಲ್ಲಿ ಥ್ರೋಬಾಲ್ ಆಡಿದ ಸೊಸೆಯ ಕಾಲಿಗೆ ಆ ‘ಮೆಲ್ಲಗೆ’ ಒಗ್ಗದೆ, ಸೇರು ನಡುಮನೆ ದಾಟಿ ಕಲ್ಲಿನ ಕಂಬಕ್ಕೆ ಬಡಿಯಿತೆಂಬುದು ಅತ್ತೆಯ ಕಥನ. “ಅತ್ತೆ, ‘ಜೋರಾಗಿ ಒದಿಯಮ್ಮ, ಅಕ್ಕಿ ಒಳಗೆಲ್ಲ ಚೆಲ್ಲಬೇಕು’ ಅಂದಿದ್ದು ನೀವೇ ಅಲ್ವಾ?” ಎಂಬುದು ಸೊಸೆಯ ಪ್ರತಿವಾದ. ವೂಫರ್ ಆರಿಸುವ ಸಭೆ ಹೀಗೆ ಹದಿನೆಂಟು ವರ್ಷದ ಹಿಂದಿನ ಒದೆತದ ವಿಚಾರಣೆಯಾಗಿ ಮಾರ್ಪಟ್ಟು, ಸಾಕ್ಷಿಗೆಂದು ಮದುವೆಯ ಡಿವಿಡಿಯನ್ನು ಹಾಕಲಾಯಿತು. ವಿಡಿಯೊದವನು ಆ ಗಳಿಗೆಯಲ್ಲಿ ಕ್ಯಾಮೆರಾವನ್ನು ಬೀಗರ ಮೇಲೆ ತಿರುಗಿಸಿದ್ದ. ಅತ್ತೆಯ ಮಾತು ಓಲಗದಲ್ಲಿ ಮುಳುಗಿತ್ತು. ಸಬ್‌ವೂಫರ್ ಸರಿಯಿದ್ದಿದ್ದರೆ ಠಣ್ ಎಂಬುದಾದರೂ ಕೇಳುತ್ತಿತ್ತೆಂದು ಅಜ್ಜ ವಿಷಾದಿಸಿದರು. ಅದು ತಪ್ಪು: ಸಬ್‌ವೂಫರಿಗೆ ಬರುವುದು ಸಾಮಾನ್ಯವಾಗಿ 120 ಹರ್ಟ್ಸ್ ಒಳಗಿನ ಕಂಪನಗಳು, ಹಿತ್ತಾಳೆಯ ಠಣತ್ಕಾರದ ಮುಖ್ಯ ಭಾಗ ಅದಕ್ಕಿಂತ ಬಹಳ ಮೇಲಿನದು. ಮಗ ಇದನ್ನು ವಿವರಿಸಲು ಹೊರಟು, ಹೆಂಡತಿಯ ಪರವೋ ತಾಯಿಯ ಪರವೋ ಎಂಬ ಪ್ರಶ್ನೆ ಎರಡೂ ಕಡೆಯಿಂದ ಬಂದದ್ದರಿಂದ, ಹರ್ಟ್ಸ್‌ವರೆಗೂ ಬಂದು ನಿಲ್ಲಿಸಿದ.

ವಿಚಾರಣೆಯ ನಡುವೆ ಅಜ್ಜನ ಬಾಯಿಂದ ಒಂದು ಸಂಗತಿ ಹೊರಬಿತ್ತು. ಪಾತ್ರೆಯವನು ಬಂದಾಗಲೆಲ್ಲ ನೆಗ್ಗು ತೆಗೆಸೋಣವೆಂದರೆ ಅಜ್ಜಿ ಕೊಟ್ಟವರಲ್ಲವಂತೆ. ಸೊಸೆ ಆಸ್ಟ್ರೇಲಿಯಾಕ್ಕೆ ಹೋದ ಮೇಲೆ ದಿನವೂ ಅಕ್ಕಿ ಅಳೆಯುವಾಗ ಹೆಬ್ಬೆರಳು ಆ ಗುಳಿಯಲ್ಲೇ ಕೂರುತ್ತಿತ್ತಂತೆ. ಅಜ್ಜಿ ಇದನ್ನು ಖಡಾಖಂಡಿತ ನಿರಾಕರಿಸಿದರು, ನೆಗ್ಗು ತೆಗೆಯಲು ಅವನು ಕೇಳಿದ ಕೂಲಿ ಹೆಚ್ಚಾಗಿತ್ತೆಂದರು. ಸೊಸೆ ಏನೂ ಹೇಳದೆ ಒಗ್ಗರಣೆ ಮಂಡಕ್ಕಿಯ ಮೊದಲ ತಟ್ಟೆಯನ್ನು ಅವರ ಮುಂದಿಟ್ಟಳು. ಉಪ್ಪು ಕಡಿಮೆಯಾಗಿದೆ ಎಂಬ ಅಭಿಪ್ರಾಯ ಬಂತು.

ಉಳಿದದ್ದು ಬೇಗ ಮುಗಿಯಿತು. ಕೊಳವೆಯೊಳಗಿನ ಗಾಳಿ ಪೆಟ್ಟಿಗೆಯ ಲೆಕ್ಕಕ್ಕೆ ಸೇರುವುದಿಲ್ಲವಾದ್ದರಿಂದ ಅಲ್ಲಿ ತುಂಬಿದ್ದ ಮಂಡಕ್ಕಿಯನ್ನೂ, ವೂಫರ್ ತಾನೇ ಆಕ್ರಮಿಸುವ ಜಾಗವನ್ನೂ ಮಗನ ಅರವತ್ತೈದು ಸೇರಿನಿಂದ ಕಳೆದು ಸುಮಾರು 58 ಲೀಟರ್ ಎಂದು ಇತ್ಯರ್ಥವಾಯಿತು. ಮೊಮ್ಮಗ ಮೋಹಿಸಿದ್ದ, ಮೈಮೇಲೆ ಸಾವಿರಾರು ವ್ಯಾಟ್ ಬರೆದುಕೊಂಡ ಕಾರಿನ ವೂಫರನ್ನು ಬಿಡಲಾಯಿತು: ಅದು ಚಿಕ್ಕ ಮುಚ್ಚಿದ ಪೆಟ್ಟಿಗೆಗೆಂದು ಮಾಡಿದ್ದು, ಅದರ ಎರಡು ಓಮ್ ಸುರುಳಿಯನ್ನು ನಾಲ್ಕು ಓಮಿಗೆ ಹೇಳಿದ ಆಂಪ್ಲಿಫೈಯರಿಗೆ ಜೋಡಿಸಿದರೆ ಆಂಪ್ಲಿಫೈಯರ್ ಕಾದು ಕೆಡುವ ಭಯ. ಕ್ಯೂ.ಟಿ.ಎಸ್. 0.38 ಇರುವ, ಅಂಚಿಗೆ ಫೋಮಿನ ಬದಲು ರಬ್ಬರಿರುವ, ನಾಲ್ಕು ಓಮಿನ ವೂಫರೊಂದು ಆಯ್ಕೆಯಾಯಿತು. ಹನ್ನೆರಡು ಇಂಚೆಂಬುದು ಹೆಸರಿಗಷ್ಟೇ, ತೂತಿನ ಅಳತೆ ಒಬ್ಬ ತಯಾರಕನಂತೆ ಇನ್ನೊಬ್ಬನದಿರುವುದಿಲ್ಲ. ಗರಗಸ ಮತ್ತೆ ಹೊರಬಂತು.

ಮೊದಲ ಚಿತ್ರದಲ್ಲಿ ಹೆಲಿಕಾಪ್ಟರ್ ಇಳಿದೊಡನೆ ಗಾಳಿಕೊಳವೆಯಿಂದ ಮಂಡಕ್ಕಿ ಕಾಳುಗಳು ಸಿಡಿದು ಅಜ್ಜನ ಪಂಚೆಯ ಮೇಲೆ ಬಿದ್ದವು. ಅಜ್ಜಿ ಚಿತ್ರ ನಿಲ್ಲಿಸಿದರು. ಆ ದೃಶ್ಯವನ್ನು ಮತ್ತೊಮ್ಮೆ ಹಾಕಿಸಿ, ಬಿದ್ದದ್ದನ್ನು ಆಯ್ದು ಅಂಗೈಯಲ್ಲಿ ತೂಗಿ ನೋಡಿ, “ಒಳಗೆ ಇನ್ನೂ ಒಂದು ಚಟಾಕಾದರೂ ಐತೆ, ನಿನ್ನ ಲೆಕ್ಕದಾಗ ಅಷ್ಟು ಕಳೀ” ಎಂದು ಮಗನಿಗೆ ಹೇಳಿದರು.